ಆ ಹುಡುಗ ಶಾಲೆ ಬಿಟ್ಟದ್ದು ಯಾಕೆ?

ಏಳನೆಯ ತರಗತಿಯ ಹುಡುಗನೊಬ್ಬ ಬೆಳಿಗ್ಗೆ ಶಾಲೆಗೆ ಹೋದರೆ ಸಂಜೆ ಮನೆಗೆ ಬರುವ ತನಕ ನೀರು ಕುಡಿಯುತ್ತಿರಲಿಲ್ಲ. ಯಾಕೆಂದು ಅವನ ಉಮ್ಮನಿಗೆ ಗೊತ್ತಾಗಲು ತಿಂಗಳುಗಳೇ ಹಿಡಿದವು. ನೀರು ಕುಡಿದರೆ ಮೂತ್ರಕ್ಕೆ ಹೋಗಬೇಕು. ಅಲ್ಲಿ ಬಾಗಿಲಿಗೆ ಚಿಲಕ ಇಲ್ಲ, ದೊಡ್ಡ ಹುಡುಗರು ಗುಂಪು ಕಟ್ಟಿಕೊಂಡು ಬಂದು ಬಾಗಿಲು ನೂಕಿ ನಗುತ್ತಾರೆ. ಅವನ ನಡಿಗೆ, ಮಾತು, ಕೈ ಆಡಿಸುವ ರೀತಿ ಹೆಣ್ಣುಮಕ್ಕಳ ಹಾಗೆ. ಅಷ್ಟೇ ಅವನು ಮಾಡಿದ ತಪ್ಪು.

ಎಂಟನೆಯದಕ್ಕೆ ಅವನು ಹೋಗಲೇ ಇಲ್ಲ. ಮದ್ರಸಕ್ಕೂ ಬರುವುದು ಬಿಟ್ಟ. ಮಕ್ಕಳು ಅವನಿಗೆ ಇಟ್ಟ ಅಡ್ಡಹೆಸರು ಕೇಳಿ ಒಂದು ದಿನ ನಾನೂ ನಕ್ಕಿದ್ದೆ. ಅಡ್ಡಹೆಸರು ಇಟ್ಟು ಕರೆಯಬಾರದು ಎಂದು ಹುಜುರಾತ್ ಸೂರಾದ ಪಾಠ ಹೇಳಿಕೊಡುವವನೂ ನಾನೇ. ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ.

ಅವನು ಮುಂದೆ ಏನಾಗುತ್ತಾನೆ, ಹೇಳಲಿಕ್ಕೆ ಬರುವುದಿಲ್ಲ. ಹೆಣ್ಣಿನ ಹಾಗೆ ಮಾತಾಡುವ ಹುಡುಗರೆಲ್ಲ ಮಂಗಳಮುಖಿಯರಾಗುವುದಿಲ್ಲ. ಆದರೆ ಶಾಲೆಯಲ್ಲಿ ಬೀಳುವ ಪೆಟ್ಟು ಇಬ್ಬರಿಗೂ ಒಂದೇ. ಆ ಪೆಟ್ಟು ತಪ್ಪಿಸಲಿಕ್ಕೆ ಕಾನೂನು ಉಂಟು ಎಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟು ತೃತೀಯ ಲಿಂಗಿಗಳನ್ನು ಕಾನೂನಿನ ಮುಂದೆ ಗುರುತಿಸಬೇಕು, ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಅವರಿಗೆ ಹಿಂದುಳಿದವರ ಸವಲತ್ತು ಸಿಗಬೇಕು ಎಂದು ತೀರ್ಪು ಕೊಟ್ಟಿತು. ಆಮೇಲೆ ಬಂದದ್ದು 2019ರ ತೃತೀಯ ಲಿಂಗಿಗಳ ಹಕ್ಕುಗಳ ಸಂರಕ್ಷಣಾ ಕಾಯ್ದೆ. 2020ರ ಜನವರಿ 10ರಿಂದ ಅದು ಜಾರಿಗೆ ಬಂತು. ಅದರ 13ನೇ ಕಲಮಿನ ಪ್ರಕಾರ ಸರಕಾರದ ಅನುದಾನ ಅಥವಾ ಮಾನ್ಯತೆ ಇರುವ ಪ್ರತಿಯೊಂದು ಶಾಲೆ ಈ ಮಕ್ಕಳಿಗೆ ಪಾಠದಲ್ಲಿಯೂ ಆಟದಲ್ಲಿಯೂ ಭೇದಭಾವ ಮಾಡದೆ ಜಾಗ ಕೊಡಬೇಕು. ಅನುದಾನ ಇಲ್ಲದಿದ್ದರೂ ಮಾನ್ಯತೆ ಇದ್ದರೆ ಸಾಕು. ಅಂದರೆ ನಮ್ಮವರೇ ಟ್ರಸ್ಟು ಮಾಡಿ ನಡೆಸುವ ಇಂಗ್ಲಿಷ್ ಮೀಡಿಯಂ ಶಾಲೆಗಳೂ ಇದರೊಳಗೇ ಬರುತ್ತವೆ. 11ನೇ ಕಲಮಿನಂತೆ ದೂರು ಕೇಳಲಿಕ್ಕೆ ಪ್ರತೀ ಸಂಸ್ಥೆಯಲ್ಲಿ ಒಬ್ಬರನ್ನು ನೇಮಿಸಿರಬೇಕು. ನಿಮ್ಮ ಮಕ್ಕಳ ಶಾಲೆಯಲ್ಲಿ ಅದು ಯಾರು ಎಂದು ಕೇಳಿ ನೋಡಿ. ಹೆಚ್ಚಿನ ಕಡೆ ಮುಖ ಮುಖ ನೋಡುತ್ತಾರೆ.

ಶಾಲೆ ದಿನನಿತ್ಯ ಏನು ಮಾಡಬೇಕು ಎಂದು ವಿವರವಾಗಿ ಹೇಳುವ ಪ್ರಯತ್ನವೂ ನಡೆದಿತ್ತು. 2021ರಲ್ಲಿ ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ಒಂದು ಕೈಪಿಡಿ ಹೊರತಂದಿತು. ಶೌಚಾಲಯ, ಸಮವಸ್ತ್ರ, ತಮಾಷೆ ಮಾಡುವ ಮಕ್ಕಳಿಗೆ ಬುದ್ಧಿ ಹೇಳುವ ರೀತಿ, ಎಲ್ಲ ಅದರಲ್ಲಿತ್ತು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪ ಎತ್ತಿತು, ಕೆಲವೇ ದಿನಗಳಲ್ಲಿ ಕೈಪಿಡಿ ವೆಬ್‌ಸೈಟಿನಿಂದ ಮಾಯ. ಪ್ರಾಯಕ್ಕೆ ಬರುವುದನ್ನು ತಡೆಯುವ ಔಷಧದ ಪ್ರಸ್ತಾಪ ಅದರಲ್ಲಿತ್ತು. ಅದನ್ನು ನಾನೂ ಒಪ್ಪುವವನಲ್ಲ. ಒಂದು ಪುಟ ಸರಿಯಿಲ್ಲದಿದ್ದರೆ ಆ ಪುಟ ತೆಗೆಯಬಹುದಿತ್ತು. ಬಾಗಿಲಿಗೆ ಚಿಲಕ ಹಾಕಿಸುವ ಮಾತನ್ನೂ ಅದರೊಟ್ಟಿಗೆ ಯಾಕೆ ಬಿಸಾಡಬೇಕು?

‘ಉಸ್ತಾದರೇ, ಇದೆಲ್ಲ ನಮ್ಮ ದೀನಿಗೆ ವಿರೋಧ ಅಲ್ವಾ?’ ಎಂದು ಕೇಳುವವರಿದ್ದಾರೆ. ಇಲ್ಲಿ ಎರಡು ಬೇರೆ ಬೇರೆ ಮಸ್‌ಅಲಗಳನ್ನು ಕಲಸಿ ಒಂದು ಮಾಡಿದ್ದೇವೆ. ಶಸ್ತ್ರಚಿಕಿತ್ಸೆ ಮಾಡಿಸಬಹುದೇ, ಗಂಡು ಬೇಕೆಂದೇ ಹೆಣ್ಣಿನ ವೇಷ ಹಾಕಬಹುದೇ ಎಂಬುದು ಮುಫ್ತಿಗಳ ಮುಂದೆ ಇಡಬೇಕಾದ ಪ್ರಶ್ನೆ. ಅದರ ಉತ್ತರ ಏನೆಂದು ನಿಮಗೂ ಗೊತ್ತುಂಟು, ಅದನ್ನು ಬದಲಾಯಿಸಲು ನಾನು ಕೂತಿಲ್ಲ. ಆದರೆ ಹುಟ್ಟಿನಿಂದಲೇ ಹಾಗಿರುವವನ ವಿಷಯ ಬೇರೆ. ನಮ್ಮ ಶಾಫಿಈ ಮದ್‌ಹಬಿನ ದೊಡ್ಡ ಇಮಾಮರಾದ ನವವಿಯವರು ಸಹೀಹ್ ಮುಸ್ಲಿಮಿನ ವ್ಯಾಖ್ಯಾನದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಬೇಕೆಂದೇ ನಟಿಸುವವನು ಆಕ್ಷೇಪಕ್ಕೆ ಗುರಿ. ನಡೆ ನುಡಿ ಸೃಷ್ಟಿಯಿಂದಲೇ ಹಾಗೆ ಬಂದವನ ಮೇಲೆ ಪಾಪವೂ ಇಲ್ಲ, ದೂರೂ ಇಲ್ಲ. ಇನ್ನು ಗಂಡೋ ಹೆಣ್ಣೋ ಎಂದು ಶರೀರದಿಂದಲೇ ತೀರ್ಮಾನ ಆಗದ ಖುನ್ಸಾ ಬಗ್ಗೆ ಫಿಕ್‌ಹ್ ಕಿತಾಬುಗಳಲ್ಲಿ ಆಸ್ತಿ ಪಾಲಿನಿಂದ ಹಿಡಿದು ನಮಾಝಿನ ಸಫ್ಫಿನ ತನಕ ಲೆಕ್ಕ ಉಂಟು. ಗಂಡಸರು, ಹುಡುಗರು, ಆಮೇಲೆ ಖುನ್ಸಾ, ಆಮೇಲೆ ಹೆಂಗಸರು. ಸಫ್ಫಿನಲ್ಲಿ ಜಾಗ ಇದ್ದವನಿಗೆ ಕ್ಲಾಸಿನ ಬೆಂಚಿನಲ್ಲಿ ಜಾಗ ಇಲ್ಲವೇ?

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಅಲ್ಲದೆ ‘ಇತರೆ’ ಎಂದು ಬರೆಸಿದವರು ದೇಶದಲ್ಲಿ 4,87,803 ಮಂದಿ, ನಮ್ಮ ರಾಜ್ಯದಲ್ಲಿ 20,266. ಅವರಲ್ಲಿ ಅಕ್ಷರ ಬಲ್ಲವರು ಶೇ. 56. ಇಡೀ ದೇಶದ ಲೆಕ್ಕ ಶೇ. 73ರ ಹತ್ತಿರ. 2021ರಲ್ಲಿ ನಮ್ಮ ರಾಜ್ಯ ಸರಕಾರ ನೇರ ನೇಮಕಾತಿಯಲ್ಲಿ ಇವರಿಗೆ ಶೇ. 1 ಮೀಸಲಾತಿ ಕೊಟ್ಟಿತು. ಒಳ್ಳೆಯದೇ. ಆದರೆ ಏಳನೆಯದರಲ್ಲಿ ಶಾಲೆ ಬಿಟ್ಟವನು ಯಾವ ನೇಮಕಾತಿಗೆ ಅರ್ಜಿ ಹಾಕ್ತಾನೆ? ರೈಲಿನಲ್ಲಿ ಚಪ್ಪಾಳೆ ತಟ್ಟಿ ಕೈಚಾಚುವವರನ್ನು ಕಂಡು ನಾವು ಮುಖ ತಿರುಗಿಸುತ್ತೇವೆ. ಅವರೂ ಒಂದು ಕಾಲದಲ್ಲಿ ಯಾವುದೋ ಶಾಲೆಯ ಹಾಜರಿ ಪುಸ್ತಕದಲ್ಲಿ ಇದ್ದವರೇ ಇರಬಹುದು.

ಬಾಪಂದಿರಿಗೆ ಒಂದು ಮಾತು. ಅದೇ ಕಾಯ್ದೆಯ 12ನೇ ಕಲಮು ಇಂಥ ಮಗುವನ್ನು ಕೋರ್ಟಿನ ಆದೇಶ ಇಲ್ಲದೆ ಹೆತ್ತವರಿಂದ ಬೇರೆ ಮಾಡಬಾರದು ಎನ್ನುತ್ತದೆ. ‘ಮಾನ ಹೋಯ್ತು’ ಎಂದು ಮಗನನ್ನು ಹೊಡೆದು ಊರು ಬಿಡಿಸುವವರಿದ್ದಾರೆ. ಹೊಡೆದು ನಡಿಗೆ ಬದಲಾದ ಮಗುವನ್ನು ನನ್ನ ಇಷ್ಟು ವರ್ಷದ ಪಾಠದಲ್ಲಿ ನೋಡಿಲ್ಲ. ಮನೆ ಬಿಟ್ಟು ಹೋದದ್ದನ್ನು ನೋಡಿದ್ದೇನೆ.

ಶಾಲೆಯ ಎಸ್‌ಡಿಎಂಸಿ ಸಭೆಗೆ, ಪೇರೆಂಟ್ಸ್ ಮೀಟಿಂಗಿಗೆ ನಮ್ಮ ಹೆಚ್ಚಿನ ಬಾಪಂದಿರು ಹೋಗುವುದೇ ಇಲ್ಲ, ಉಮ್ಮಂದಿರು ಹೋಗಿ ಸಹಿ ಹಾಕಿ ಬರುತ್ತಾರೆ. ಈ ಸಲ ಹೋಗಿ ಕೇಳಿ. ಮಕ್ಕಳು ಒಬ್ಬರೇ ಹೋಗಿ ಚಿಲಕ ಹಾಕಿಕೊಳ್ಳಬಹುದಾದ ಒಂದು ಶೌಚಾಲಯ ಉಂಟಾ? ಅಡ್ಡಹೆಸರು ಇಡುವವರನ್ನು ಟೀಚರ್ ತಡೆಯುತ್ತಾರಾ, ಇಲ್ಲ ನನ್ನ ಹಾಗೆ ನಗುತ್ತಾರಾ? ದೂರು ಕೊಡಬೇಕಾದರೆ ಯಾರಿಗೆ?

ಆ ಹುಡುಗನ ಮನೆಗೆ ಕಳೆದ ತಿಂಗಳು ಹೋಗಿದ್ದೆ. ಅವನು ಒಳಗಿನಿಂದ ಹೊರಗೆ ಬರಲಿಲ್ಲ. ಉಮ್ಮ ಚಹಾ ಕೊಟ್ಟರು. ‘ಮದ್ರಸದ ಮೂತ್ರಾಲಯಕ್ಕಾದರೂ ಚಿಲಕ ಉಂಟಾ ಉಸ್ತಾದ್?’ ಎಂದು ಕೇಳಿದರು. ಇರಲಿಲ್ಲ. ಮರುದಿನ ಹಾಕಿಸಿದೆವು. ಅವನು ಇನ್ನೂ ಬಂದಿಲ್ಲ.