ಕಾರ್ಡು ಕೊಟ್ಟರೆ ಆರೋಗ್ಯ ಕೊಟ್ಟಂತಲ್ಲ

ಬಡ ಕುಟುಂಬಕ್ಕೆ ವರ್ಷಕ್ಕೆ ₹5 ಲಕ್ಷದ ಆಯುಷ್ಮಾನ್ ವಿಮೆ ಇರುವಾಗ ಸರ್ಕಾರಿ ಆಸ್ಪತ್ರೆಗಳಿಗೆ ಇನ್ನೂ ಹಣ ಸುರಿಯುವುದೇಕೆ ಎಂದು ಲೇಖಕರೊಬ್ಬರು ಕೇಳಿದ್ದಾರೆ. ಆ ಕಾರ್ಡು ನಡೆಯುವುದು ಮುಖ್ಯವಾಗಿ ಒಳರೋಗಿಯಾಗಿ ದಾಖಲಾದ ಮೇಲೆ. ದಿನನಿತ್ಯದ ಬಿಪಿ, ಶುಗರ್ ಮಾತ್ರೆಗೆ ಜೇಬೇ ಗತಿ. ಮಾತ್ರೆ ಕೊಳ್ಳಲಾಗದೆ ಬಿಟ್ಟವರು ಲಕ್ವ ಹೊಡೆದು ಬಂದಾಗ ವಿಮೆ ಸಾವಿರಾರು ರೂಪಾಯಿ ಕಟ್ಟುತ್ತದೆ. ಇದು ಯಾವ ಸೀಮೆಯ ಉಳಿತಾಯ?

2021–22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರವೇ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ರಷ್ಟನ್ನು ಜನ ಕೈಯಿಂದ ಭರಿಸಿದ್ದಾರೆ. ಇನ್ನು ನಮ್ಮ ರಾಜ್ಯದಲ್ಲಿ, ಪ್ರಾದೇಶಿಕ ಅಸಮತೋಲನ ಕುರಿತ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ ಕರ್ನಾಟಕದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಕಲಬುರಗಿ ವಿಭಾಗದವು. ಅಂಥ ಕಡೆ, ತಜ್ಞ ವೈದ್ಯರೇ ಇಲ್ಲದ ಊರಲ್ಲಿ ಕಾರ್ಡು ಯಾರಿಗೆ ತೋರಿಸುವುದು? ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರೂ ಉಚಿತ ಔಷಧವೂ ಖಾತ್ರಿಯಾಗಲಿ. ವಿಮೆ ಅದಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ.