ಹೊಡೆತಗಾರನ ಬೆಲೆ

ಆಟದ ಮಾತು ಬಂದರೆ ನಮ್ಮ ವಿದ್ಯಾರ್ಥಿನಿಲಯದಲ್ಲಿ ಜಗಳ ತಪ್ಪಿದ್ದಲ್ಲ. ಒಬ್ಬನಿಗೆ ಒಬ್ಬ ಆಟಗಾರ ದೇವರು. ಪಕ್ಕದ ಕೋಣೆಯವನಿಗೆ ಮತ್ತೊಬ್ಬ. ಕೊನೆಗೆ ಯಾರಾದರೂ "ಅಂಕಿಗಳನ್ನು ನೋಡಪ್ಪ!" ಎಂದು ಗದರಿಸಿ ಎದುರಾಳಿಯ ಬಾಯಿ ಮುಚ್ಚಿಸುತ್ತಾರೆ. ಆದರೆ ಯಾವ ಅಂಕಿಯನ್ನು ನೋಡಬೇಕು? ಅದು ಏನನ್ನು ಎಣಿಸುತ್ತದೆ, ಏನನ್ನು ಬಿಡುತ್ತದೆ? ಅಮೆರಿಕದವರು ತಮ್ಮ ಬೇಸ್‌ಬಾಲ್ ಆಟದ ವಿಷಯದಲ್ಲಿ ಈ ಪ್ರಶ್ನೆಯನ್ನು ನೂರು ವರ್ಷಗಳಿಗೂ ಮೇಲ್ಪಟ್ಟು ಕೇಳುತ್ತ ಬಂದಿದ್ದಾರೆ. ಅಂಕಗಳಿಂದಲೇ ಅಳೆಯಲ್ಪಡುವ ವಿದ್ಯಾರ್ಥಿಗಳಾದ ನಾವು ಅವರ ವಾದದಿಂದ ಕಲಿಯಬೇಕಾದದ್ದು ಇದೆಯೆಂಬುದು ನನ್ನ ಅಭಿಪ್ರಾಯ.

ಬೇಸ್‌ಬಾಲ್ ಲೆಕ್ಕಪತ್ರಗಳ ಪಿತಾಮಹನೆನಿಸಿದ ಹೆನ್ರಿ ಚಾಡ್ವಿಕ್ (1824–1908) ಇಂಗ್ಲೆಂಡಿನಲ್ಲಿ ಹುಟ್ಟಿದವನು. ಕ್ರಿಕೆಟ್ ಪಂದ್ಯಗಳ ವರದಿ ಬರೆದು ಪಳಗಿದವನು. ಆದ್ದರಿಂದ ಕ್ರಿಕೆಟ್ಟಿನಂತೆಯೇ ಅಲ್ಲಿಯೂ 'ಸರಾಸರಿ' ಎಂಬುದು ಪಟ್ಟವೇರಿತು. ದಾಂಡಿಗನಿಗೆ ದೊರೆತ ಸರದಿಗಳಲ್ಲಿ ಎಷ್ಟು ಸಲ ಚೆಂಡನ್ನು ಸರಿಯಾಗಿ ಹೊಡೆದು ಬೇಸ್ ಮುಟ್ಟಿದನೋ ಆ ಪ್ರಮಾಣವೇ ಅವನ ಸರಾಸರಿ. ಲೆಕ್ಕ ಸುಲಭ, ಆದರೆ ಅದರಲ್ಲಿ ಎರಡು ದೊಡ್ಡ ದೋಷಗಳಿವೆ.

ಮೊದಲನೆಯದು, ಎಲ್ಲ ಹೊಡೆತಗಳಿಗೂ ಒಂದೇ ಬೆಲೆ. ಒಬ್ಬನು ನೂರು ಸರದಿಗಳಲ್ಲಿ 30 ಸಲ ಹೊಡೆದು ಪ್ರತಿಸಲವೂ ಮೊದಲ ಬೇಸಿನಲ್ಲಿಯೇ ನಿಂತನೆನ್ನಿ. ಅವನ ಸರಾಸರಿ 0.300. ಇನ್ನೊಬ್ಬನು 25 ಸಲ ಮಾತ್ರ ಹೊಡೆದ. ಆದರೆ ಅವುಗಳಲ್ಲಿ 10 ಹೋಂ ರನ್, 5 ಎರಡು ಬೇಸಿನ ಹೊಡೆತ, 10 ಒಂದು ಬೇಸಿನವು. ಅವನ ಸರಾಸರಿ 0.250. ಪಟ್ಟಿಯಲ್ಲಿ ಮೊದಲನೆಯವನೇ ಮೇಲು! ಬೇಸುಗಳನ್ನು ಎಣಿಸಿದರೆ ಮಾತ್ರ ನಿಜ ತಿಳಿಯುತ್ತದೆ: ಮೊದಲನೆಯವನಿಗೆ 30, ಎರಡನೆಯವನಿಗೆ 60. ಈ ಬೇಸುಗಳ ಪ್ರಮಾಣವನ್ನೇ ಅವರು 'ಸ್ಲಗ್ಗಿಂಗ್' ಎನ್ನುತ್ತಾರೆ.

ಎರಡನೆಯ ದೋಷ, ತಾಳ್ಮೆಗೆ ಬೆಲೆಯಿಲ್ಲದಿರುವುದು. ಕೆಟ್ಟ ಎಸೆತಗಳನ್ನು ಕೆಣಕದೆ ನಾಲ್ಕನ್ನು ಬಿಟ್ಟವನು ಹೊಡೆಯದೆಯೇ ಮೊದಲ ಬೇಸಿಗೆ ನಡೆದುಹೋಗುತ್ತಾನೆ. ಇದು ತಂಡಕ್ಕೆ ಲಾಭ. ಸರಾಸರಿಗೆ ಮಾತ್ರ ಲೆಕ್ಕಕ್ಕಿಲ್ಲ. ಬೇಸ್ ತಲುಪಿದ ಪ್ರಮಾಣವನ್ನು ಅಧಿಕೃತ ಅಂಕಿಯೆಂದು ಒಪ್ಪಿದ್ದು 1984ರಷ್ಟು ತಡವಾಗಿ.

ಅಂಕಿಗಳನ್ನು ಕಡೆಗಣಿಸಿದರೆ ಏನಾಗುತ್ತದೆಂಬುದಕ್ಕೆ 1947ನೆಯ ವರ್ಷವೇ ಸಾಕ್ಷಿ. ಆ ವರ್ಷ ಬಾಸ್ಟನ್ನಿನ ಟೆಡ್ ವಿಲಿಯಮ್ಸ್ ತನ್ನ ಲೀಗಿನಲ್ಲಿ ಸರಾಸರಿ (0.343), ಹೋಂ ರನ್ (32), ತನ್ನ ಹೊಡೆತದಿಂದ ಗಳಿಸಿಕೊಟ್ಟ ರನ್ (114), ಈ ಮೂರರಲ್ಲಿಯೂ ಮೊದಲಿಗನಾದನು. ಸಾಲದುದಕ್ಕೆ 162 ಸಲ ನಡೆದು ಬೇಸ್ ಸೇರಿದನು. ಆದರೂ ಪತ್ರಕರ್ತರು ಮತ ಹಾಕಿ ಕೊಡುವ ಶ್ರೇಷ್ಠ ಆಟಗಾರನ ಪ್ರಶಸ್ತಿ 202ಕ್ಕೆ 201ರಂತೆ, ಒಂದೇ ಅಂಶದಿಂದ, ನ್ಯೂಯಾರ್ಕಿನ ಜೋ ಡಿಮ್ಯಾಜಿಯೊಗೆ ಹೋಯಿತು. ಡಿಮ್ಯಾಜಿಯೊ ಸೊಗಸಾದ ಕ್ಷೇತ್ರರಕ್ಷಕ, ಅವನ ತಂಡ ಗೆದ್ದ ತಂಡ, ನಿಜ. ಆದರೆ ಹೊಡೆತದಲ್ಲಿ ಇಬ್ಬರಿಗೂ ಹೋಲಿಕೆಯಿರಲಿಲ್ಲ. ವಿಲಿಯಮ್ಸ್‌ಗೂ ಪತ್ರಕರ್ತರಿಗೂ ಎಣ್ಣೆ ಸೀಗೆಕಾಯಿಯ ಸಂಬಂಧವಿದ್ದುದನ್ನು ಮರೆಯಬಾರದು. ಕಣ್ಣು ತನಗೆ ಬೇಕಾದವನನ್ನೇ ನೋಡುತ್ತದೆ, ಅಂಕಿಗೆ ದಾಕ್ಷಿಣ್ಯವಿಲ್ಲ.

ಹಾಗೆಂದು ಅಂಕಿಯನ್ನು ಕಾಲದಿಂದ ಕಿತ್ತು ನೋಡಲಾಗದು. 1920ರಲ್ಲಿ ಬೇಬ್ ರೂತ್ 54 ಹೋಂ ರನ್ ಬಾರಿಸಿದನು. ಬ್ಯಾರಿ ಬಾಂಡ್ಸ್ 2001ರಲ್ಲಿ ಬಾರಿಸಿದ 73ರ ಮುಂದೆ ಇದು ಚಿಕ್ಕದಾಗಿ ಕಾಣಬಹುದು. ಆದರೆ 1920ರಲ್ಲಿ ರೂತನ ಲೀಗಿನ ಬೇರಾವ ತಂಡವೂ ಇಡೀ ತಂಡವಾಗಿ ಸೇರಿ 54 ಬಾರಿಸಿರಲಿಲ್ಲ! ಇದಕ್ಕಾಗಿಯೇ ಈಗಿನ ಲೆಕ್ಕಿಗರು ಆಯಾ ಕಾಲದ ಸಾಮಾನ್ಯ ದಾಂಡಿಗನನ್ನು 100 ಎಂದಿಟ್ಟುಕೊಂಡು, ಮೈದಾನದ ಅನುಕೂಲವನ್ನೂ ತೂಗಿ, ಹೋಲಿಸುತ್ತಾರೆ. ಆ ತಕ್ಕಡಿಯಲ್ಲಿ ರೂತ್ 206, ವಿಲಿಯಮ್ಸ್ 191, ಹ್ಯಾಂಕ್ ಆರನ್ 155.

ಹಾಗಾದರೆ ಆರನ್ ಕಡಿಮೆಯವನೇ? ಅವನು ಯಾವ ವರ್ಷವೂ 47ಕ್ಕಿಂತ ಹೆಚ್ಚು ಹೋಂ ರನ್ ಬಾರಿಸಲಿಲ್ಲ. ಆದರೆ 23 ವರ್ಷ ಆಡಿ 755 ಕೂಡಿಸಿದನು. ಅವೆಲ್ಲವನ್ನೂ ಕಳೆದುಬಿಟ್ಟರೂ ಅವನ ಲೆಕ್ಕದಲ್ಲಿ 3,000ಕ್ಕೂ ಹೆಚ್ಚು ಹೊಡೆತಗಳು ಉಳಿಯುತ್ತವೆ. ನಾಲ್ಕು ವರ್ಷ ಭರ್ಜರಿ ಬೆಳೆ ಕೊಟ್ಟ ಹೊಲ ದೊಡ್ಡದೋ, ಬರವಿಲ್ಲದೆ ಒಂದು ತಲೆಮಾರನ್ನು ಸಾಕಿದ ಹೊಲ ದೊಡ್ಡದೋ? ಇದಕ್ಕೆ ಗಣಿತ ಉತ್ತರ ಹೇಳಲಾರದು. ರಾಗಿಗೆ ಸೇರು, ಬಟ್ಟೆಗೆ ಗಜ. ಯಾವ ಅಳತೆ ಎಲ್ಲಿಗೆ ಎಂದು ನಾವೇ ನಿರ್ಣಯಿಸಬೇಕು.

ಇನ್ನು ನನ್ನನ್ನು ಎಲ್ಲಕ್ಕಿಂತ ಕಾಡಿದ ಹೆಸರು ಜಾಷ್ ಗಿಬ್ಸನ್. ಕಪ್ಪು ಜನಾಂಗದವರಿಗೆ ದೊಡ್ಡ ಲೀಗುಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವನು ನೀಗ್ರೋ ಲೀಗುಗಳಲ್ಲಿ ಆಡಿದನು. ಮತ್ತೆ ಅದೇ 1947! ಆ ಜನವರಿಯಲ್ಲಿ, 35ನೆಯ ವಯಸ್ಸಿನಲ್ಲಿ, ಅವನು ತೀರಿಕೊಂಡನು. ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಮೈದಾನಕ್ಕಿಳಿದು ಆ ಬಾಗಿಲನ್ನು ತೆರೆದನು. ಮೂರು ತಿಂಗಳ ಅಂತರ! ಹಳೆಯ ಪತ್ರಿಕೆಗಳಿಂದ ಸಂಶೋಧಕರು ಒಂದೊಂದಾಗಿ ಹೆಕ್ಕಿದ ಲೆಕ್ಕಗಳನ್ನು 2024ರಲ್ಲಿ ಅಧಿಕೃತ ದಾಖಲೆಗೆ ಸೇರಿಸಲಾಯಿತು. ಸ್ಲಗ್ಗಿಂಗಿನಲ್ಲಿ ರೂತನ 0.690ನ್ನು ಗಿಬ್ಸನ್ನನ 0.718 ಹಿಂದಿಕ್ಕಿತು, ಸರಾಸರಿಯಲ್ಲಿಯೂ 0.372ರೊಡನೆ ಅವನೇ ಮೊದಲಿಗನಾದನು.

ಅವನ ಲೀಗ್ ಪಂದ್ಯಗಳು ಸಂಖ್ಯೆಯಲ್ಲಿ ಕಡಿಮೆ, ಆದ್ದರಿಂದ ಹೋಲಿಕೆ ಸಲ್ಲದು ಎಂಬ ಆಕ್ಷೇಪಣೆಯುಂಟು. ಆಕ್ಷೇಪಣೆಯಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಪಂದ್ಯಗಳು ಕಡಿಮೆಯಾದದ್ದು ಅವನ ತಪ್ಪೇ? ರೂತನಾದರೂ ತನ್ನ ಲೀಗಿನಲ್ಲಿ ಕಪ್ಪು ಜನಾಂಗದ ಒಬ್ಬ ಎಸೆತಗಾರನನ್ನಾದರೂ ಎದುರಿಸಿದ್ದನೇ? ಹಾಗಾದರೆ 0.690 ಎಂಬುದೂ ಅರ್ಧ ಬಾಗಿಲು ಮುಚ್ಚಿದ್ದ ಮನೆಯ ಲೆಕ್ಕವೇ. ಅಂಕಿ ಸುಳ್ಳು ಹೇಳದು. ಆದರೆ ಪುಸ್ತಕದಲ್ಲಿ ಹೆಸರು ಬರೆಸಿಕೊಂಡವರ ವಿಷಯವನ್ನಷ್ಟೇ ಅದು ಹೇಳಬಲ್ಲುದು.

ನಮ್ಮ ಭದ್ರಾವತಿಯ ಗುಂಡಪ್ಪ ವಿಶ್ವನಾಥರು 1975ರಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಔಟಾಗದೆ 97 ಹೊಡೆದಾಗ ತಂಡದ ಒಟ್ಟು ಮೊತ್ತವೇ 190. ಶತಕಗಳ ಪಟ್ಟಿಯಲ್ಲಿ ಆ ಆಟಕ್ಕೆ ಸ್ಥಳವಿಲ್ಲ. ನೋಡಿದವರ ಮನಸ್ಸಿನಲ್ಲಿ ಅದಕ್ಕೆ ಅಗ್ರಸ್ಥಾನ.

ಪಟ್ಟಿಗಳನ್ನು ಹರಿದೊಗೆಯಬೇಕೆಂಬುದು ನನ್ನ ವಾದವಲ್ಲ. ಪಟ್ಟಿಯಿಲ್ಲದಿದ್ದರೆ ವಿಲಿಯಮ್ಸ್‌ಗೆ ಆದ ಅನ್ಯಾಯ ನಮಗೆ ತಿಳಿಯುತ್ತಲೇ ಇರಲಿಲ್ಲ. ಗಿಬ್ಸನ್ ಬರಿಯ ಕಟ್ಟುಕಥೆಯಾಗಿ ಉಳಿಯುತ್ತಿದ್ದನು. ಅಂಕಿ ಬೇಕು, ಇನ್ನೂ ಹೆಚ್ಚು ಬೇಕು. ಆದರೆ ಫಲಿತಾಂಶದ ಹಲಗೆಯ ಮುಂದೆ ನಿಂತಾಗ ಮೊದಲಿಗನು ಯಾರೆಂದು ಕೇಳುವುದರ ಜೊತೆಗೆ, ಈ ಹಲಗೆ ಏನನ್ನು ಎಣಿಸಿತು, ಯಾರ ಹೆಸರು ಇಲ್ಲಿಯವರೆಗೆ ಬರಲಿಕ್ಕೇ ಆಗಲಿಲ್ಲ ಎಂದೂ ಕೇಳೋಣ. ವಿದ್ಯಾವಂತನು ಕೇಳಬೇಕಾದ ಪ್ರಶ್ನೆ ಅದೇ ಅಲ್ಲವೇ?

— ದ್ವಿತೀಯ ಬಿ. ಎ. ವಿದ್ಯಾರ್ಥಿ