ದೀಪಕ್ಕೆ ಬಾಡಿಗೆ ಇದೆ, ಮ್ಯಾಪಿಂಗ್‌ಗೆ ಯಾಕಿಲ್ಲ?

ಲೈಟಿಂಗ್ ಅಂಗಡಿಯ ಬಿಲ್ ಒಂದನ್ನು ತೆಗೆದು ನೋಡಿ. ಸೀರಿಯಲ್ ಸೆಟ್ ಬಾಡಿಗೆ, ಜನರೇಟರ್, ಡೀಸೆಲ್, ಕಂಬ, ಆಟೋ, ಹುಡುಗರ ಕೂಲಿ ಎಲ್ಲವೂ ಇರುತ್ತವೆ. ಆದರೆ ಆ ದೀಪಗಳಲ್ಲಿ ನವಿಲು ಗರಿ ಬಿಚ್ಚುವಂತೆ ಲೆಕ್ಕ ಹಾಕಿಕೊಟ್ಟವರಿಗೆ ಅದರಲ್ಲಿ ಒಂದು ಸಾಲೂ ಇರುವುದಿಲ್ಲ. ಇರಬೇಕು ಎಂಬುದು ನನ್ನ ವಾದ. ನಮ್ಮ ಮಾಮು ಪಾಂಡವಪುರದಲ್ಲಿ ಲೈಟಿಂಗ್ ಕೆಲಸ ಮಾಡುತ್ತಾರೆ, ಅವರಿಗೆ ಮ್ಯಾಪಿಂಗ್ ಮಾಡಿಕೊಡುವವಳು ನಾನು. ಹಾಗಾಗಿ ಈ ವಾದದಲ್ಲಿ ನನ್ನ ಸ್ವಾರ್ಥವೂ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ.

ಹಳೆಯ ಸೀರಿಯಲ್ ಸೆಟ್‌ಗೆ ಮ್ಯಾಪಿಂಗ್ ಬೇಕಿರಲಿಲ್ಲ. ಸ್ವಿಚ್ ಹಾಕಿದರೆ ಸರಪಳಿ ಪೂರ್ತಿ ಹತ್ತುತ್ತಿತ್ತು. ಪಿಕ್ಸೆಲ್ ದೀಪ ಹಾಗಲ್ಲ. ಪ್ರತಿ ದೀಪದೊಳಗೂ ಒಂದು ಪುಟ್ಟ ಚಿಪ್ ಇದೆ. ಮಾಮು ತರುವ ದೀಪಗಳಲ್ಲಿ ಇರುವುದು ಡಬ್ಲ್ಯೂಎಸ್ 2811 ಎಂಬ ಚಿಪ್. ದೀಪದಿಂದ ದೀಪಕ್ಕೆ ಮೂರು ವೈರ್: ಪ್ಲಸ್, ಮೈನಸ್, ಡೇಟಾ. ಕಂಟ್ರೋಲರ್ ಎಲ್ಲ ದೀಪಗಳ ಬಣ್ಣವನ್ನೂ ಒಂದೇ ಸಾಲಿನಲ್ಲಿ ಕಳಿಸುತ್ತದೆ. ಮೊದಲ ದೀಪ ತನ್ನ ಪಾಲಿನ 24 ಬಿಟ್ ಇಟ್ಟುಕೊಂಡು ಉಳಿದದ್ದನ್ನು ಮುಂದಕ್ಕೆ ಬಿಡುತ್ತದೆ, ನಮ್ಮ ಮನೆಯ ದಸ್ತರ್‌ಖಾನ್‌ನಲ್ಲಿ ಕೂತವರು ತಮ್ಮ ರೊಟ್ಟಿ ತೆಗೆದುಕೊಂಡು ತಟ್ಟೆಯನ್ನು ಪಕ್ಕದವರಿಗೆ ದಾಟಿಸುವ ಹಾಗೆ. ಒಂದು ದೀಪಕ್ಕೆ ಹಿಡಿಯುವುದು 30 ಮೈಕ್ರೋಸೆಕೆಂಡ್. ಸಾವಿರ ದೀಪಗಳ ಸಾಲಿದ್ದರೂ ಒಂದು ಸೆಕೆಂಡಿನಲ್ಲಿ 33 ಬಾರಿ ಚಿತ್ರ ಬದಲಾಯಿಸಬಹುದು. ಅದಕ್ಕೇ ನವಿಲು ಕುಣಿಯುವಂತೆ ಕಾಣುತ್ತದೆ.

ತೊಡಕು ಇರುವುದು ಇಲ್ಲೇ. ಕಂಟ್ರೋಲರ್‌ಗೆ ಗೊತ್ತಿರುವುದು ಸಾಲಿನ ಕ್ರಮ ಮಾತ್ರ. 51ನೇ ದೀಪ ಕಮಾನಿನ ನೆತ್ತಿಯಲ್ಲಿದೆಯೋ ಕಂಬದ ಬುಡದಲ್ಲಿದೆಯೋ ಅದಕ್ಕೆ ತಿಳಿಯದು. ಹುಡುಗರು ಮೊದಲ ಸಾಲನ್ನು ಕೆಳಗಿನಿಂದ ಮೇಲಕ್ಕೆ ಕಟ್ಟುತ್ತಾರೆ, ವೈರ್ ಉಳಿಸಲು ಎರಡನೆಯದನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತಾರೆ. ಸಾಲಿಗೆ 20 ದೀಪವಾದರೆ 1ರ ಪಕ್ಕದಲ್ಲಿ ಬರುವುದು 40. ಇದನ್ನು ಮೊದಲೇ ಹೇಳದಿದ್ದರೆ ಮೇಲೆ ಹಾರಬೇಕಾದ ಹಕ್ಕಿ ಒಂದು ಸಾಲಿನಲ್ಲಿ ಏರಿ ಪಕ್ಕದ ಸಾಲಿನಲ್ಲಿ ಇಳಿಯುತ್ತದೆ.

ಯಾವ ನಂಬರಿನ ದೀಪ ಎಲ್ಲಿದೆ ಎಂದು ಬರೆದಿಡುವುದೇ ಮ್ಯಾಪಿಂಗ್. ವಾಣಿಜ್ಯ ವಿಭಾಗದವರಿಗೆ ಇದು ಹೊಸದಲ್ಲ. ಜರ್ನಲ್‌ನಲ್ಲಿ ದಿನಾಂಕದ ಕ್ರಮದಲ್ಲಿ ಬರೆದದ್ದನ್ನು ಲೆಡ್ಜರ್‌ಗೆ ಖಾತೆವಾರು ಹಾಕುತ್ತೇವಲ್ಲ, ಅದೇ ಕೆಲಸ. ಅಮೆರಿಕದಲ್ಲಿ ಕ್ರಿಸ್‌ಮಸ್‌ಗೆ ಮನೆಯ ಸೂರಿಗೆಲ್ಲ ಪಿಕ್ಸೆಲ್ ಕಟ್ಟುವವರು ಬಳಸುವ ಎಕ್ಸ್‌ಲೈಟ್ಸ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ, ಎಕ್ಸೆಲ್ ಹಾಳೆಯಂಥ ಚೌಕಗಳಲ್ಲಿ ದೀಪದ ನಂಬರ್ ತುಂಬಿದರೆ ಸಾಕು. ನಾನು ಮಾಡುವುದೂ ಅದನ್ನೇ. ಹುಡುಗರು ಎದುರುಗಡೆ ಫೋನ್ ನಿಲ್ಲಿಸಿ ದೀಪಗಳನ್ನು ಒಂದೊಂದಾಗಿ ಹತ್ತಿಸಿ ವಿಡಿಯೋ ಕಳಿಸುತ್ತಾರೆ, ನಾನು ಮನೆಯಲ್ಲಿ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ನಂಬರ್ ಹಾಕುತ್ತೇನೆ. ನಡುವೆ ಒಂದು ಚಿಪ್ ಕೆಟ್ಟರೆ ಅದರ ಮುಂದಿನವೆಲ್ಲ ಕತ್ತಲು. ಆಗ ದೀಪ ಬದಲಿಸಿ ಮತ್ತೆ ವಿಡಿಯೋ. 600 ದೀಪದ ಒಂದು ಕಮಾನಿಗೆ ನನಗೆ ಎರಡು ಸಂಜೆ ಬೇಕು.

ರೆಡಿ ಡಿಸೈನ್ ಇರುವ ಮೆಮೊರಿ ಕಾರ್ಡ್ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ, ಚೌಕಾಕಾರದ ಬೋರ್ಡಿಗೆ ಸರಿಯಾಗಿಯೂ ಇರುತ್ತದೆ. ಅದನ್ನೇ ಕಮಾನಿಗೆ ಹಾಕಿದರೆ ನವಿಲು ಕೋಳಿಯಾಗುತ್ತದೆ. ಮೈಸೂರು ಅರಮನೆಯನ್ನು ನೆನಪಿಸಿಕೊಳ್ಳಿ. ಅಲ್ಲಿ ಸುಮಾರು ಒಂದು ಲಕ್ಷ ಬಲ್ಬ್‌ಗಳಿವೆ, ಕುಣಿತ ಏನೂ ಇಲ್ಲ, ಆದರೂ ಜನ ಬಾಯಿ ಬಿಟ್ಟು ನೋಡುತ್ತಾರೆ. ಪ್ರತಿ ಬಲ್ಬ್ ಕಮಾನು, ಗೋಪುರ, ಗುಮ್ಮಟಗಳ ಗೆರೆಯ ಮೇಲೆಯೇ ಕೂತಿದೆ. ಕಟ್ಟಡವನ್ನು ನೋಡಿ ದೀಪ ಇಟ್ಟಿದ್ದಾರೆ. ಮ್ಯಾಪಿಂಗ್ ಎಂದರೆ ನನ್ನ ಲೆಕ್ಕದಲ್ಲಿ ಅದೇ.

ನಮ್ಮ ಕಡೆ ಈ ಕೆಲಸ ಒಂದಾದ ಮೇಲೆ ಒಂದು ಬರುತ್ತದೆ. 2024ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 7ಕ್ಕೆ, ಈದ್ ಮಿಲಾದ್ 16ಕ್ಕೆ. 2025ರಲ್ಲಿ ಆಗಸ್ಟ್ 27 ಮತ್ತು ಸೆಪ್ಟೆಂಬರ್ 5. ಎರಡು ವರ್ಷವೂ ನಡುವೆ ಒಂಬತ್ತೇ ದಿನ. ಗಣೇಶನ ಪೆಂಡಾಲಿನಿಂದ ಬಿಚ್ಚಿದ ದೀಪಗಳೇ ಮಸೀದಿಯ ಮಿನಾರಿಗೆ ಏರಿದವು, ಅಲ್ಲಿಂದ ಇಳಿದು ದಸರಾಗೆ ಹೋದವು. ದೀಪ ಅದೇ ಆದರೂ ಮ್ಯಾಪ್ ಪೂರ್ತಿ ಹೊಸದು. ಮಿನಾರ್ ದುಂಡಗಿರುತ್ತದೆ. ಕಾಗದದ ಕೊಳವೆಯನ್ನು ಸೀಳಿ ಹರಡಿದಂತೆ ಅದನ್ನು ಹಾಳೆಯ ಮೇಲೆ ಬಿಡಿಸಿಕೊಳ್ಳಬೇಕು, ರಸ್ತೆಯಲ್ಲಿ ನಿಂತವರಿಗೆ ಅರ್ಧ ದೀಪಗಳು ಮಾತ್ರ ಕಾಣುತ್ತವೆ ಎಂಬುದನ್ನೂ ನೆನಪಿಡಬೇಕು. ಅಕ್ಷರಗಳು ತಿರುಗಿ ಬರುವಂತೆ ಮಾಡುವುದು ಬಹಳ ತಲೆ ತಿನ್ನುವ ಕೆಲಸ. ನನಗೆ ಇಷ್ಟವೂ ಅದೇ.

ಏಣಿ ಹತ್ತಿದ ಹುಡುಗರಿಗೆ ದಿನಗೂಲಿ ಸಿಗುತ್ತದೆ. ಸಿಗಲೇಬೇಕು, ಕರೆಂಟಿನ ಹತ್ತಿರ ಅಷ್ಟೆತ್ತರದಲ್ಲಿ ನಿಲ್ಲುವುದು ಸಣ್ಣ ಮಾತಲ್ಲ. ನನಗೆ ಸಿಗುವುದು ಹಬ್ಬದ ದಿನ ಮಾಮು ಕೊಡುವ ಈದಿ. ಅವರು ಪ್ರೀತಿಯಿಂದಲೇ ಕೊಡುತ್ತಾರೆ. ಆದರೆ ಈದಿ ನನ್ನ ತಮ್ಮನಿಗೂ ಸಿಗುತ್ತದೆ, ಅವನು ಒಂದು ದೀಪಕ್ಕೂ ನಂಬರ್ ಹಾಕಿದವನಲ್ಲ. ಕೇಳಿದರೆ ಮಾಮು, "ಬೇಟಿ, ಗಿರಾಕಿ ಒಪ್ಪಬೇಕಲ್ಲ? ಕಂಬ ಕಣ್ಣಿಗೆ ಕಾಣುತ್ತದೆ, ನಿನ್ನ ಹಾಳೆ ಯಾರಿಗೆ ಕಾಣುತ್ತದೆ?" ಎನ್ನುತ್ತಾರೆ. ಒಂದು ಸಮಿತಿಯವರಂತೂ "ಅದೆಲ್ಲ ಕಂಪ್ಯೂಟರೇ ಮಾಡುತ್ತದೆ" ಎಂದು ಬಿಲ್ಲಿನಲ್ಲಿ ಇನ್ನಷ್ಟು ಕಡಿಮೆ ಮಾಡಿಸಿದರು.

ಗುಡ್‌ವಿಲ್ ಕಣ್ಣಿಗೆ ಕಾಣುವುದಿಲ್ಲ, ಆದರೂ ಪಾಲುದಾರಿಕೆಯ ಲೆಕ್ಕದಲ್ಲಿ ಅದಕ್ಕೆ ಬೆಲೆ ಕಟ್ಟಲು ನಮಗೆ ಕಲಿಸುತ್ತಾರೆ. ಮ್ಯಾಪ್‌ಗೂ ಕಟ್ಟಬಹುದು. ಮೊದಲ ವರ್ಷ ದೀಪಕ್ಕೆ ಒಂದು ರೂಪಾಯಿ. ಮುಂದಿನ ವರ್ಷ ಅದೇ ಕಮಾನಿಗೆ ಅದೇ ರೀತಿ ಕಟ್ಟಿದರೆ ಅರ್ಧ, ಯಾಕೆಂದರೆ ಆಗ ಪರಿಶೀಲಿಸುವುದಷ್ಟೇ ಕೆಲಸ. ಹಣ ಕೊಟ್ಟವರಿಗೆ ಫೈಲಿನ ಒಂದು ಪ್ರತಿಯೂ ಸಿಗಲಿ. ಈ ದರಪಟ್ಟಿಯನ್ನು ಮಾಮುಗೆ ಬರೆದುಕೊಟ್ಟಿದ್ದೇನೆ. ಅವರು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡಿದ್ದಾರೆ, ಇನ್ನೂ ಹೂಂ ಎಂದಿಲ್ಲ.

ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೂ ಲೈಟಿಂಗ್ ಕೊಟೇಷನ್ ಕರೆಯುತ್ತಾರೆ. ಈ ಸಲ ಆ ಪತ್ರದಲ್ಲಿ ಮ್ಯಾಪಿಂಗ್‌ಗೆ ಬೇರೆ ಸಾಲು, ಬೇರೆ ಮೊತ್ತ ಕೇಳಬೇಕೆಂದು ನಮ್ಮ ಅಧ್ಯಾಪಕರಲ್ಲಿ ವಿನಂತಿಸುತ್ತೇನೆ. ಅನುಮಾನ ಬರಬಾರದೆಂದು ಮಾಮು ಈ ಸಲ ಕೊಟೇಷನ್ ಹಾಕದಿದ್ದರೂ ನನಗೆ ಬೇಸರವಿಲ್ಲ.